ತುಕ್ಕು ಮುಟ್ಟಿದ ಕೈ

ಕಲೆ ಮೊದಲು ಕಣ್ಣಿಗೆ ಬಿದ್ದದ್ದು ನನಗೆ. ಬಿದ್ದ ಕ್ಷಣದಲ್ಲೇ ನಾನು ಮಾಡಿದ ಮೊದಲ ಕೆಲಸ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಬೀದಿಯ ಎರಡೂ ತುದಿಗಳತ್ತ ಕಣ್ಣಾಡಿಸಿದ್ದು.

ಯಾರೂ ಇರಲಿಲ್ಲ. ನಮ್ಮ ಅಂಗಳದ ಹೊಂಗೆ ಮರದ ಕೆಳಗೆ ಸ್ಟೀಲಿನ ಗ್ರಿಲ್ಲು ಒಲೆ ಎಂದಿನಂತೆ ನಿಂತಿತ್ತು. ಅದರ ಮೇಲೆಯೇ ನನ್ನ ಹೆಂಡತಿ ಪದ್ಮಾಕ್ಷಿ ದಿನವೂ ಬದನೆಕಾಯಿ, ಗೆಣಸು, ಮುಸುಕಿನ ಜೋಳ ಸುಡುತ್ತಿದ್ದಳು. ನಾನು ಹೆಚ್ಚಿ, ಉಪ್ಪು ಖಾರ ಸವರಿ, ಎಲೆಯಲ್ಲಿಟ್ಟು ಗಿರಾಕಿಗಳಿಗೆ ಕೊಡುತ್ತಿದ್ದೆ. ಒಲೆಯನ್ನು ತೊಳೆಯುವುದು ಅವಳ ಕೆಲಸ. ಅಂದು ಅವಳ ಕಾಲು ನೋಯುತ್ತಿದ್ದುದರಿಂದ ನಾನೇ ಸರಳುಗಳನ್ನು ಎತ್ತಿ ಪಕ್ಕಕ್ಕಿಟ್ಟು ಒಳಗೆ ಬಗ್ಗಿ ನೋಡಿದೆ. ಒಳಗೋಡೆಯ ಉದ್ದಕ್ಕೂ ಜೇನಿನ ಬಣ್ಣ ಹರಡಿತ್ತು. ಅದರ ಅಂಚು ಕಂದಾಗಿ, ಕಂದು ನೇರಳೆಯಾಗಿ, ಇದ್ದಿಲು ಕೂರುವ ಜಾಗದಲ್ಲಿ ನವಿಲಿನ ಕೊರಳಿನಂಥ ನೀಲಿಗೆ ತಿರುಗಿತ್ತು.

ನಾನು ಮುಚ್ಚಳವನ್ನು ಸದ್ದಾಗದಂತೆ ಹಾಕಿ, ಅದರ ಮೇಲೆ ಗೋಣಿಚೀಲ ಹೊದಿಸಿದೆ.

ನಮ್ಮ ಊರಿನಲ್ಲಿ ತುಕ್ಕು ಅಂಟುತ್ತದೆ. ಒಂದು ಕಬ್ಬಿಣದಿಂದ ಇನ್ನೊಂದಕ್ಕೆ, ಕಬ್ಬಿಣದಿಂದ ಕೈಗೆ, ಕೈಯಿಂದ ಮತ್ತೊಂದು ಕಬ್ಬಿಣಕ್ಕೆ ದಾಟುತ್ತದೆ. ನಮ್ಮ ಅಜ್ಜಂದಿರ ಕಾಲದಲ್ಲಿ ಕ್ಷೌರಿಕನೊಬ್ಬನ ಕತ್ತರಿಯಿಂದ ಹೊರಟದ್ದು ಒಂದೇ ವಾರದಲ್ಲಿ ಹೊಳೆಯ ಸೇತುವೆಯನ್ನು ತಿಂದು ಮುಗಿಸಿತಂತೆ. ಆ ಮೇಲೆ ಜನ ಹೊಂದಿಕೊಂಡರು. ಬಾಗಿಲುಗಳಿಗೆ ಮರದ ಗೂಟ ಬಂತು, ಪೆಟ್ಟಿಗೆಗಳಿಗೆ ಹಿತ್ತಾಳೆಯ ಬೀಗ ಬಂತು. ದರ್ಜಿ ತನ್ನ ಸೂಜಿಗಳನ್ನು ಮೇಣದಲ್ಲಿ ಹುದುಗಿಸಿಟ್ಟು, ಹೊಲಿಯುವಾಗ ಮಾತ್ರ ಎಳೆಯುತ್ತಾನೆ. ಹೊರಗಿನಿಂದ ಬರುವವರು ದೋಣಿಗಟ್ಟೆಯಲ್ಲೇ ಬೀಗದ ಕೈ, ಬೆಲ್ಟಿನ ಬಕಲ್ಲುಗಳನ್ನು ಬಿಚ್ಚಿಟ್ಟು ಒಳಗೆ ಕಾಲಿಡುತ್ತಾರೆ. ಸ್ಟೀಲು ಬಂದಾಗ ಹಿರಿಯರು ಬಹಳ ದಿನ ವಾದಿಸಿ, ಅದು ಸುಲಭವಾಗಿ ತುಕ್ಕು ಹಿಡಿಯುವ ಜಾತಿಯಲ್ಲವೆಂದು ಒಪ್ಪಿಕೊಂಡರು. ಹಾಗೆ ಊರು ಉಳಿಯಿತು. ಆದರೆ ಒಂದು ತೊಂದರೆಯೂ ಉಳಿಯಿತು. ನನ್ನ ವಯಸ್ಸಿನವರಾರೂ ತುಕ್ಕನ್ನು ಕಣ್ಣಾರೆ ಕಂಡವರಲ್ಲ. ಬೆಲ್ಲದ ಬಣ್ಣ ಎಂದು ಒಬ್ಬರು, ಒಣಗಿದ ರಕ್ತದ ಬಣ್ಣ ಎಂದು ಇನ್ನೊಬ್ಬರು ಹೇಳಿದ್ದನ್ನು ಕೇಳಿ ಬೆಳೆದವರು ನಾವು. ಆ ದಿನ ಬೆಳಿಗ್ಗೆ ನನ್ನ ಕಣ್ಣಿಗೆ ಆ ಒಲೆಯೊಳಗೆ ಬೆಲ್ಲವೂ ಕಂಡಿತು, ರಕ್ತವೂ ಕಂಡಿತು.

ಪದ್ಮಾಕ್ಷಿ ಆಚೆ ದಡದ ಹೆಣ್ಣು. ಮೂರು ಮಳೆಗಾಲದ ಹಿಂದೆ ಅಟ್ಟದ ಏಣಿಯಿಂದ ಬಿದ್ದು ಎಡತೊಡೆಯ ಮೂಳೆ ಮುರಿದುಕೊಂಡಳು. ಆಚೆ ದಡದ ಆಸ್ಪತ್ರೆಯವರು ಮೂಳೆಯೊಳಗೆ ಸ್ಟೀಲಿನ ರಾಡು ಇಳಿಸಿ ಕಳಿಸಿದರು. ಮೈಯೊಳಗೆ ಉಕ್ಕು ಇಟ್ಟುಕೊಂಡವರು ಊರಿನಲ್ಲಿ ಬಾಳಬಹುದು. ಆದರೆ ತುಕ್ಕು ತಗುಲಿತೆಂದು ಖಚಿತವಾದರೆ ಅಂದೇ ಹೊಳೆ ದಾಟಬೇಕು, ಉಕ್ಕನ್ನು ತೆಗೆಸಬೇಕು. ನಾನು ಹುಟ್ಟುವ ಮೊದಲು ಕುಂಬಾರಗೇರಿಯ ಶೇಷಮ್ಮನವರ ತೋಳಿನಿಂದ, ಮೂಳೆಗೆ ಬಿಗಿದಿದ್ದ ತಗಡನ್ನು ಹಾಗೆ ತೆಗೆಸಿದರು. ಆ ತೋಳು ಇಂದಿಗೂ ಹಿಂಡಿದ ಬಟ್ಟೆಯಂತೆ ಜೋತಾಡುತ್ತದೆ. ಪದ್ಮಾಕ್ಷಿಯ ವಿಷಯದಲ್ಲಿ ವೈದ್ಯರು ಮೊದಲೇ ಹೇಳಿದ್ದರು: ಆ ರಾಡು ಹೊರಬಂದರೆ ಆ ಕಾಲು ಮತ್ತೆ ನೆಲಕ್ಕೆ ಊರುವ ಆಸೆ ಇಟ್ಟುಕೊಳ್ಳಬೇಡಿ. ಅವಳು ದಿನವೂ ಮುಟ್ಟುತ್ತಿದ್ದ ಒಲೆಯಲ್ಲೇ ಈಗ ಕಲೆ ಕೂತಿತ್ತು.

"ಏನ್ರೀ, ಇನ್ನೂ ಒಲೆ ಹಚ್ಚಿಲ್ವಾ?" ಎನ್ನುತ್ತ ಅವಳು ಊರುಗೋಲು ಹಿಡಿದು ಬಾಗಿಲಿಗೆ ಬಂದಳು.

"ಇದ್ದಿಲು ಥಂಡಿ ಹಿಡಿದಿದೆ. ಇವತ್ತು ಅಂಗಡಿ ಬೇಡ. ನಿನ್ನ ಕಾಲಿಗೂ ವಿಶ್ರಾಂತಿ."

"ನನ್ನ ಕಾಲಿನ ಮೇಲೆ ಹಾಕಿ ನೀವು ಸೋಮಾರಿ ಆಗ್ತೀರಾ? ಆಗಲಿ ಬಿಡಿ," ಎಂದು ನಕ್ಕು ಒಳಗೆ ಹೋದಳು. ಅವಳು ಅಷ್ಟು ಸುಲಭವಾಗಿ ನಂಬಿದ್ದೇ ನನಗೆ ಹೆಚ್ಚು ಭಯ ತಂದಿತು.

ನಂಬದವನು ಎದುರುಮನೆಯ ತಿಪ್ಪೇಶಿ. ಬೆಳಗಿನ ರೊಟ್ಟಿಗೆ ನಮ್ಮ ಸುಟ್ಟ ಬದನೆಕಾಯಿಯ ಗೊಜ್ಜು ಬೀಳದಿದ್ದರೆ ದಿನವೇ ಆರಂಭವಾಗದ ಮನುಷ್ಯ. ಬಟ್ಟಲು ಹಿಡಿದುಕೊಂಡೇ ಬಂದ.

"ಇದೇನ್ ಭೂಷಣಣ್ಣಾ, ಒಲೆಗೆ ಚಳಿಜ್ವರ ಬಂದೋರಂಗೆ ಕಂಬಳಿ ಹೊದ್ಸಿದೀರಾ?"

"ಇದ್ದಿಲಿಲ್ಲ ತಿಪ್ಪೇಶಿ."

"ನಮ್ಮನೇಲಿದೆ, ತರ್ತೀನಿ. ಮೊದ್ಲು ಬೂದಿ ತೆಗೀರಿ," ಎಂದವನೇ ಗೋಣಿಚೀಲದ ತುದಿಗೆ ಕೈ ಹಾಕಿದ.

ನಾನು ಅವನ ಮಣಿಕಟ್ಟು ಹಿಡಿದೆ. ಹಿಡಿತ ಅಗತ್ಯಕ್ಕಿಂತ ಬಿಗಿಯಾಗಿತ್ತೆಂದು ಅವನ ಮುಖ ನೋಡಿ ಅರಿವಾಯಿತು. "ಒಳಗೆ ಹೆಗ್ಗಣ ಸತ್ತಿದೆ," ಎಂದೆ.

ತಿಪ್ಪೇಶಿ ಬಟ್ಟಲನ್ನು ಎದೆಗೆ ಅವಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ. "ಶಿವಾ! ನಿನ್ನೆ ತಿಂದಿದ್ದು ಬದನೆಕಾಯೇ ತಾನೇ?" ಎಂದು ನಕ್ಕ. ಆದರೆ ಹೋಗುವಾಗ ಎರಡು ಸಲ ತಿರುಗಿ ನೋಡಿದ. ಇದು ದಾಕ್ಷಾಯಿಣಮ್ಮನವರ ಕಿವಿಗೆ ಮುಟ್ಟಲು ಹೆಚ್ಚು ಹೊತ್ತು ಬೇಕಾಗಿರಲಿಲ್ಲ. ನಮ್ಮ ಬೀದಿಯಲ್ಲಿ ತುಕ್ಕಿನ ಅನುಮಾನ ಬಂದಾಗ ನೋಡಿ ತೀರ್ಪು ಹೇಳುವವರು ಅವರು.

ನಾನು ದೋಣಿಗಟ್ಟೆಗೆ ನಡೆದೆ. ಓಡಿದರೆ ಜನ ನೋಡುತ್ತಾರೆ. ನಿಧಾನವಾದರೆ ಮನೆಯಲ್ಲಿ ಯಾರಾದರೂ ಗೋಣಿ ಎತ್ತುತ್ತಾರೆ. ದೋಣಿಯ ಬಸವಂತ ಆಚೆ ದಡದ ಸಾಮಾನುಗಳನ್ನು ಕದ್ದುಮುಚ್ಚಿ ಮಾರುತ್ತಾನೆಂದು ಎಲ್ಲರಿಗೂ ಗೊತ್ತಿತ್ತು.

"ಸ್ಟೀಲಿನ ಮೇಲೆ ಕಲೆ ಕೂತಿದೆ. ತಿಕ್ಕೋಕೆ ಏನಾದ್ರೂ ಇದ್ಯಾ?" ಎಂದೆ, ಹುಣಸೆಹಣ್ಣಿನ ಬೆಲೆ ಕೇಳುವವನ ಧ್ವನಿಯಲ್ಲಿ.

ಬಸವಂತ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಎಂಥಾ ಕಲೆ ಯಜಮಾನ್ರೇ?"

"ಹಾಲು ಉಕ್ಕಿ ಸೀದದ್ದು."

"ಹಾಲೇ ಇರಲಿ, ಮೊಸರೇ ಇರಲಿ, ನನಗೇನು," ಎಂದು ಹಲಗೆಯಡಿಯಿಂದ ಎಣ್ಣೆಕಾಗದದ ಪೊಟ್ಟಣವೊಂದನ್ನು ತೆಗೆದ. ಒಳಗೆ ಕೂದಲಿನಷ್ಟು ತೆಳುವಾದ ತಂತಿಯ ಉಂಡೆ, ಬೂದುಬಣ್ಣದ್ದು, ಹಕ್ಕಿಗೂಡಿನಂತೆ ಮೆತ್ತಗಿತ್ತು. "ಸ್ಟೀಲನ್ನ ತಿಕ್ಕೋಕೆ ಸ್ಟೀಲೇ ಸರಿ. ಆಚೆಕಡೆ ಎಲ್ರೂ ಇದನ್ನೇ ಹಾಕ್ತಾರೆ. ಉಜ್ಜಿ, ಆಮೇಲೆ ನೋಡಿ, ಮುಖ ನೋಡ್ಕೊಂಡು ಮೀಸೆ ತಿರುವಬಹುದು."

ಮಧ್ಯಾಹ್ನ ಪದ್ಮಾಕ್ಷಿ ಮಲಗಿದ ಮೇಲೆ ನಾನು ಒಲೆಯೊಳಗೆ ತಲೆ ಹಾಕಿ ಉಜ್ಜಲು ತೊಡಗಿದೆ. ಅಡ್ಡಡ್ಡ ಉಜ್ಜಿದೆ, ದುಂಡಗೆ ಉಜ್ಜಿದೆ, ಮೊಣಕೈ ಸೋಲುವವರೆಗೆ ಉಜ್ಜಿದೆ. ಜೇನಿನ ಬಣ್ಣ ಮೊದಲು ಹೋಯಿತು, ಆಮೇಲೆ ಕಂದು, ಆಮೇಲೆ ನೇರಳೆ. ನೀಲಿ ಮಾತ್ರ ಹಠ ಹಿಡಿದು ನಿಂತಿತ್ತು, ಅದೂ ಹೋಯಿತು. ಸಣ್ಣ ಗೆರೆಗಳು ಬಿದ್ದವು. ಬಾವಿಯ ಉಪ್ಪುನೀರನ್ನು ಸುರಿದು ತೊಳೆದು, ಒರೆಸುವ ತಾಳ್ಮೆಯೂ ಇಲ್ಲದೆ ಮುಚ್ಚಳ ಹಾಕಿ, ಉಂಡೆಯನ್ನು ಬೂದಿಗುಂಡಿಯಲ್ಲಿ ಹೂತೆ. ಎಷ್ಟು ಹಗುರಾದೆನೆಂದರೆ ಬಾವಿಕಟ್ಟೆಯ ಮೇಲೆ ಕೂತು ಒಬ್ಬನೇ ನಕ್ಕೆ.

ಆ ಹಗುರದಲ್ಲೇ ಸಂಜೆ ಕಡಲೆಕಾಯಿ ಎಣ್ಣೆ ಬೆಚ್ಚಗೆ ಮಾಡಿ, ದಿನವೂ ಮಾಡುವಂತೆ ಪದ್ಮಾಕ್ಷಿಯ ಕಾಲಿಗೆ ತಿಕ್ಕಿದೆ. ಎಂದಿಗಿಂತ ಹೆಚ್ಚು ಹೊತ್ತು, ಮಂಡಿಯಿಂದ ತೊಡೆಯ ಗಾಯದ ಗುರುತಿನವರೆಗೆ.

"ಇವತ್ತೇನು ಇಷ್ಟೊಂದು ಉಪಚಾರ? ಯಾರನ್ನಾದ್ರೂ ಕೊಂದು ಬಂದಿದೀರಾ?" ಎಂದಳು.

"ಸುಮ್ನಿರು," ಎಂದೆ.

ಮರುದಿನ ಸೂರ್ಯ ಹುಟ್ಟುವ ಹೊತ್ತಿಗೆ ಒಲೆಯ ಮುಚ್ಚಳ ತೆರೆದೆ. ಹಿಂದಿನ ದಿನ ಕನ್ನಡಿಯಂತಿದ್ದ ಗೋಡೆಯ ತುಂಬ ಸಣ್ಣ ಸಣ್ಣ ಚುಕ್ಕೆಗಳು ಎದ್ದಿದ್ದವು. ರಾಗಿಕಾಳಿನಷ್ಟು, ಸಾಸಿವೆಯಷ್ಟು. ನಾನು ಉಜ್ಜಿದ ಗೆರೆ ಗೆರೆಯಲ್ಲೂ ಅವು ಸಾಲಾಗಿ ಕೂತಿದ್ದವು. ಜೇನಿನ ಬಣ್ಣವಲ್ಲ, ನವಿಲಿನ ಬಣ್ಣವಲ್ಲ. ಬೆರಳಿನಿಂದ ಒತ್ತಿದೆ. ಬೆರಳು ಕೆಂಪಾಯಿತು. ಬೆಲ್ಲ, ಒಣಗಿದ ರಕ್ತ ಎಂದು ಹಿರಿಯರು ಹೇಳುತ್ತಿದ್ದ ಎರಡು ಮಾತೂ ಒಂದೇ ವಸ್ತುವನ್ನು ಕುರಿತವು ಎಂಬುದು ಆ ಕ್ಷಣದಲ್ಲಿ ತಿಳಿಯಿತು. ಕೈ ತಿರುಗಿಸಿ ನೋಡಿಕೊಂಡೆ. ಹತ್ತು ಉಗುರುಗಳ ಸಂದಿಯಲ್ಲೂ ಅದೇ ಕೆಂಪು ಕೂತಿತ್ತು.

"ಏನ್ರೀ ಅದು ಕೈಯಲ್ಲಿ?" ಪದ್ಮಾಕ್ಷಿ ಹಿಂದೆಯೇ ನಿಂತಿದ್ದಳು.

"ಏನಿಲ್ಲ."

"ಏನಿಲ್ದೋರು ಕೈನ ಬೆನ್ನ ಹಿಂದೆ ಯಾಕೆ ಬಚ್ಚಿಡ್ತಾರೆ? ತೋರ್ಸಿ."

"ಹತ್ರ ಬರಬೇಡ!" ನಾನು ಕಿರುಚಿಬಿಟ್ಟೆ. ಅವಳು ನಿಂತಳು. ಆಮೇಲೆ ಉಳಿದದ್ದೆಲ್ಲ ನನ್ನ ಬಾಯಿಂದ ತಾನಾಗಿ ಹೊರಬಿತ್ತು: ಕಲೆ, ಗೋಣಿಚೀಲ, ಹೆಗ್ಗಣ, ಬಸವಂತನ ಪೊಟ್ಟಣ.

ಅವಳು ತಾಳ್ಮೆಯಿಂದ ಕೇಳಿಸಿಕೊಂಡಳು. "ನಿನ್ನೆ ಇದ್ದ ಕಲೆ ಯಾವ ಬಣ್ಣ?"

"ಜೇನಿನ ಬಣ್ಣ. ಕಂದು. ಒಳಗೆ ನೀಲಿ."

"ಅಯ್ಯೋ ನನ್ನ ಪುಣ್ಯಾತ್ಮಾ!" ಅವಳು ಹಣೆ ಚಚ್ಚಿಕೊಂಡಳು. "ಅದು ಉರಿಯ ಬಣ್ಣ ಕಣ್ರೀ. ಮುಚ್ಚಳ ಹಾಕಿ ಜೋರಾಗಿ ಉರಿ ಬಿಟ್ರೆ ಸ್ಟೀಲು ಹಾಗೆ ಬಣ್ಣ ತಿರುಗತ್ತೆ. ಒಲೆ ತಂದ ವರ್ಷದಿಂದ ಅಲ್ಲೇ ಇದೆ. ಬೇಕಾದಾಗ ನಿಂಬೆಹೋಳಿನಲ್ಲಿ ಉಜ್ಜಿ ಒರೆಸ್ತೀನಿ, ಬೇಡವಾದಾಗ ಬಿಡ್ತೀನಿ, ಚೆಂದ ಕಾಣತ್ತೆ ಅಂತ. ನಾನು ಆಚೆ ದಡದೋಳು, ತುಕ್ಕು ಹಿಡಿದ ಬಾವಿಗಡಗಡೆಯ ಪಕ್ಕದಲ್ಲೇ ಬೆಳೆದೋಳು. ನನ್ನನ್ನ ಒಂದ್ ಮಾತು ಕೇಳಬಾರದಿತ್ತಾ?"

ಅವಳು ಊರುಗೋಲಿನ ತುದಿಯಿಂದಲೇ ಬೂದಿಗುಂಡಿ ಕೆದಕಿದಳು. ಉಂಡೆ ಹೊರಬಂತು. ಹಕ್ಕಿಗೂಡು ಹೋಗಿ ಅಲ್ಲಿ ಕೆಂಪು ಪುಡಿಯ ಮುದ್ದೆಯೊಂದು ಉಳಿದಿತ್ತು.

"ಇದು ಅಪ್ಪಟ ಕಬ್ಬಿಣ," ಎಂದಳು. ಧ್ವನಿಯಲ್ಲಿದ್ದ ತಮಾಷೆ ಆರಿಹೋಗಿತ್ತು. "ಕಬ್ಬಿಣದ ಚೂರುಗಳನ್ನ ಸ್ಟೀಲಿನ ಮೈಗೆ ನಾಟಿ, ಮೇಲೆ ಉಪ್ಪುನೀರು ಎರೆದಿದೀರ. ಇದು ಮಾತ್ರ ನಿಜವಾದ ತುಕ್ಕೇ."

ಇಬ್ಬರ ಕಣ್ಣೂ ಒಟ್ಟಿಗೆ ಅವಳ ಎಡಗಾಲಿನತ್ತ ಇಳಿದವು. ಹಿಂದಿನ ಸಂಜೆ ಆ ಕಾಲನ್ನು ಬಹಳ ಹೊತ್ತು ತಿಕ್ಕಿದ್ದು ಇದೇ ಕೈ.

"ಯಾರಿಗೂ ಹೇಳೋದು ಬೇಡ," ಎಂದೆ. "ಒಲೆಯನ್ನ ಹೊಳೆಗೆ ಎತ್ತಿಹಾಕ್ತೀನಿ. ನಿನ್ನನ್ನ ಅವರು ಕರ್ಕೊಂಡು ಹೋಗೋಕೆ ಬಿಡಲ್ಲ."

"ಹೊಳೆಗೆ ಹಾಕಿದ್ರೆ ನನ್ನ ತೊಡೆಯೊಳಗೆ ಏನಾಗ್ತಿದೆ ಅಂತ ಗೊತ್ತಾಗತ್ತಾ? ದಿನಾ ಬೆಳಗೆದ್ದು ಇವತ್ತು ಕಾಲು ನಿಲ್ಲತ್ತೋ ಇಲ್ವೋ ಅಂತ ನೀವು ನನ್ನ ನೋಡೋದು, ನಾನು ನಿಮ್ಮ ನೋಡೋದು. ಅಂಥಾ ಬಾಳು ನನಗೆ ಬೇಡ." ಅವಳು ಬಾಗಿಲ ಪಕ್ಕ ತೂಗುಹಾಕಿದ್ದ ಕಂಚಿನ ಜಾಗಟೆಯ ಬಳಿ ಹೋಗಿ, ಮರದ ಸುತ್ತಿಗೆ ತೆಗೆದು, ಎರಡು ಕೈಯಿಂದ ಹೊಡೆದಳು. ನಮ್ಮ ಊರಿನ ಪ್ರತಿ ಮನೆಯಲ್ಲೂ ಅಂಥದೊಂದು ಜಾಗಟೆ ಇದೆ. ನಾನು ಹುಟ್ಟಿದ ಮೇಲೆ ನಮ್ಮ ಬೀದಿಯಲ್ಲಿ ಅದರ ಸದ್ದು ಕೇಳಿದ್ದು ಅದೇ ಮೊದಲು.

ದಾಕ್ಷಾಯಿಣಮ್ಮ ಬಂದರು. ಎತ್ತರದ, ಬಿಳಿಕೂದಲಿನ ಹೆಂಗಸು; ಕಂಕುಳಲ್ಲಿ ಹರಳೆಣ್ಣೆ ತುಂಬಿದ ಗಾಜಿನ ಸೀಸೆ. ಸೀಸೆಯಲ್ಲಿ ಬೀದಿಯ ಏಕೈಕ ಕಬ್ಬಿಣದ ಮೊಳೆ ಮುಳುಗಿತ್ತು. ಅನುಮಾನದ ಜಾಗದ ಮೇಲೆ ಆ ಮೊಳೆಯನ್ನು ಒಣಗಿಸಿ ಇಡುತ್ತಾರೆ. ಅಲ್ಲಿ ತುಕ್ಕಿದ್ದರೆ ಮೊಳೆ ಕೆಂಪಾಗುತ್ತದೆ, ಇಲ್ಲದಿದ್ದರೆ ಇಲ್ಲ. ಆ ತೀರ್ಪಿನ ಮೇಲೆ ಇನ್ನೊಂದು ತೀರ್ಪಿಲ್ಲ. ಒಲೆಯನ್ನು ಅವರು ದೂರದಿಂದ ಒಮ್ಮೆ ನೋಡಿದರಷ್ಟೆ. "ಇದಕ್ಕೆ ಮೊಳೆ ಬೇಕಿಲ್ಲ," ಎಂದರು. ನಾಲ್ಕು ಜನ ಕೈಗೆ ಬಾಳೆಪಟ್ಟೆ ಸುತ್ತಿಕೊಂಡು ಅದನ್ನು ಸುಣ್ಣದ ಗುಂಡಿಗೆ ಹೊತ್ತೊಯ್ದರು.

"ಮೊಳೆ ನನಗಿಡಿ ಅಮ್ಮಾ," ಎಂದಳು ಪದ್ಮಾಕ್ಷಿ.

"ನೋಡು ಮಗಳೇ, ಕೆಂಪಾದ್ರೆ ನಾನು ಮುಚ್ಚಿಡೋಕಾಗಲ್ಲ. ದೋಣಿ ಕಾಯ್ತಿದೆ."

"ಗೊತ್ತಿದ್ದೇ ಕೇಳ್ತಿದೀನಿ."

ಅವಳನ್ನು ನಡುಮನೆಯ ಮಂಚದ ಮೇಲೆ ಮಲಗಿಸಿದರು. ಹೆಂಗಸರು ಒಳಗೆ, ಗಂಡಸರು ಹೊರಗೆ. ಮೊಳೆಯ ಎಣ್ಣೆಯನ್ನು ಬೂದಿಯಿಂದ ತೆಗೆದು, ಗಾಯದ ಗುರುತಿನ ಮೇಲಿಟ್ಟು, ಹೊಂಗೆಯ ನೆರಳು ಬಾವಿಕಟ್ಟೆಯನ್ನು ಮುಟ್ಟುವವರೆಗೆ ಕಾಯಬೇಕು. ನನ್ನನ್ನು ಹೊಸ್ತಿಲಿಗೂ ಬಿಡಲಿಲ್ಲ. ಬಾಗಿಲು ಮುಚ್ಚಿತ್ತು. ಒಳಗಿನದು ಏನೂ ಕಾಣುತ್ತಿರಲಿಲ್ಲ, ಕೇಳುತ್ತಿತ್ತು, ಅಷ್ಟೆ.

ನೆರಳು ಅಲ್ಲಾಡಿದಂತೆಯೇ ಕಾಣಲಿಲ್ಲ. ಬೀದಿಯವರೆಲ್ಲ ಅಂಗಳದಲ್ಲಿ ಗುಂಪಾಗಿ ನಿಂತಿದ್ದರು. ನನ್ನ ಸುತ್ತ ಮಾತ್ರ ಒಂದಿಷ್ಟು ಜಾಗ ಖಾಲಿಯಿತ್ತು. ತಿಪ್ಪೇಶಿ ಬಾಗಿಲಿನತ್ತ ಮುಖ ಮಾಡಿ ಕೂಗಿದ: "ಅಕ್ಕಾ, ಎರಡು ದಿನದಿಂದ ಗೊಜ್ಜಿಲ್ದೆ ನನ್ನ ರೊಟ್ಟಿ ಗಂಟಲಲ್ಲಿ ಇಳೀತಿಲ್ಲ. ಬೇಗ ಎದ್ದು ಬನ್ನಿ!"

"ನೀರು ಕುಡಿಯೋ, ಇಳಿಯತ್ತೆ!" ಒಳಗಿನಿಂದ ಪದ್ಮಾಕ್ಷಿಯ ಧ್ವನಿ ಬಂತು. ಜನ ನಕ್ಕರು. ನನಗೆ ಆ ಧ್ವನಿಯ ತುದಿಯಲ್ಲಿದ್ದ ನಡುಕ ಕೇಳಿಸಿತು.

ನೆರಳು ಬಾವಿಕಟ್ಟೆಯ ಸಮೀಪಕ್ಕೆ ಬಂದಿತ್ತು. ಇನ್ನೊಂದು ಗೇಣು ಉಳಿದಿತ್ತು. ಆಗ ಒಳಗೆ ಯಾವಳೋ ಚೀರಿದಳು: "ಅಯ್ಯೋ, ಕೆಂಪು! ಕೆಂಪಾಯ್ತು!"

ಅಂಗಳದ ನಗೆ ನಿಂತಿತು. ನಾನು ಬಾಗಿಲಿಗೆ ನುಗ್ಗಿದೆ. ತಿಪ್ಪೇಶಿ ಉದ್ದನೆಯ ಬಿದಿರಿನ ಗಳವನ್ನು ಅಡ್ಡ ಹಿಡಿದು ತಡೆದ. ಅವನ ಕಣ್ಣಲ್ಲಿ ನೀರಿತ್ತು. "ಬೇಡಣ್ಣಾ. ಬೇಡ." ಒಳಗೆ ಗುಸುಗುಸು, ಬಳೆಗಳ ಸದ್ದು, ಮಂಚದ ಕಿರುಗುಟ್ಟುವಿಕೆ. ಆಮೇಲೆ ದಾಕ್ಷಾಯಿಣಮ್ಮನವರ ಗದರಿಕೆ: "ಕಣ್ಣು ಬಿಟ್ಟು ನೋಡೇ! ಅವಳ ಸೀರೆಯ ಕೆಂಪಂಚು ಮೊಳೆ ಮೇಲೆ ಹೊಳೀತಿದೆ, ಅಷ್ಟೆ. ಅಂಚು ಸರಿಸು. ಈಗ ನೋಡು."

ಆ ಮೇಲಿನ ಗೇಣಿನಷ್ಟು ನೆರಳನ್ನು ನಾನು ಹೇಗೆ ಕಳೆದೆನೆಂದು ಹೇಳಲಾರೆ.

ದಾಕ್ಷಾಯಿಣಮ್ಮ ಹೊರಬಂದರು. ಅಂಗೈಯ ಮೇಲೆ ಬಿಳಿಯ ಬಟ್ಟೆ, ಬಟ್ಟೆಯ ಮೇಲೆ ಮೊಳೆ. ಬಿಸಿಲಿಗೆ ಬಂದು ಎಲ್ಲರೂ ಕಾಣುವಂತೆ ಹಿಡಿದರು. ಸೀಸೆಯಿಂದ ತೆಗೆದಾಗ ಹೇಗಿತ್ತೋ ಹಾಗೇ ಇತ್ತು, ಕರ್ರಗೆ, ನಯವಾಗಿ, ಒಂದು ಚುಕ್ಕೆಯೂ ಇಲ್ಲದೆ.

"ದಾಟಿಲ್ಲ," ಎಂದರು. "ಅಂಗೈ ತುಂಬ ಎಣ್ಣೆ ಇತ್ತಂತಲ್ಲ ಅವಳಿಗೆ ತಿಕ್ಕುವಾಗ? ಎಣ್ಣೆ ನಡುವೆ ನಿಂತಿದೆ. ಇವಳು ಎಲ್ಲಿಗೂ ಹೋಗಬೇಕಾಗಿಲ್ಲ."

ಅಂಗಳದಲ್ಲಿ ಗದ್ದಲವೆದ್ದಿತು. ಪದ್ಮಾಕ್ಷಿ ಬಾಗಿಲ ಚೌಕಟ್ಟು ಹಿಡಿದು ಹೊರಬಂದು ನಿಂತಳು. ನಾನು ಅಳುತ್ತ ಅವಳತ್ತ ಓಡಿದೆ, ಎರಡೂ ಕೈ ಚಾಚಿ.

"ನಿಲ್ಲು ಭೂಷಣ!"

ದಾಕ್ಷಾಯಿಣಮ್ಮ ಅಷ್ಟು ಜೋರಾಗಿ ಕೂಗಬಲ್ಲರೆಂದು ಯಾರಿಗೂ ತಿಳಿದಿರಲಿಲ್ಲ. ನಾನು ನಿಂತೆ. ಅವರು ಬಂದು, ಮೊಳೆಯಿದ್ದ ಬಟ್ಟೆಯನ್ನು ಬಾವಿಕಟ್ಟೆಯ ಮೇಲಿಟ್ಟು, "ಬೆರಳು ಇಡು," ಎಂದರು. ಇಟ್ಟೆ. ಎಲ್ಲರೂ ನೋಡುತ್ತಿದ್ದಂತೆ ನನ್ನ ಉಗುರು ತಗುಲಿದ ಜಾಗದಿಂದ ಕೆಂಪು ಹೊರಟು, ವೀಳ್ಯದೆಲೆಯ ನರದಂತೆ ಕವಲೊಡೆಯುತ್ತ, ಮೊಳೆಯ ತಲೆಯವರೆಗೆ ಹತ್ತಿತು.

ನಿಯಮ ನನಗೆ ತಿಳಿಯದ್ದಲ್ಲ. ನಮ್ಮ ಊರಿನ ಎಳೆಯ ಮಕ್ಕಳಿಗೂ ತಿಳಿದದ್ದು. ತುಕ್ಕು ಮುಟ್ಟಿದ ಕೈ ಊರಿನಲ್ಲಿರುವಂತಿಲ್ಲ. ಉಗುರುಗಳು ಬುಡದಿಂದ ತುದಿಯವರೆಗೆ ಹೊಸದಾಗಿ ಬೆಳೆಯುವ ತನಕ ಆಚೆ ದಡ. ಆದರೆ ಆ ಎರಡು ದಿನ ನನಗೆ ಅವಳ ಕಾಲು ನೆನಪಿತ್ತೇ ಹೊರತು, ನನಗೂ ಕೈಗಳಿವೆ ಎಂಬುದು ಮರೆತುಹೋಗಿತ್ತು.

"ಬಿತ್ತನೆಯಿಂದ ಕೊಯ್ಲಿನವರೆಗೆ ಅಂದ್ಕೋ," ಎಂದರು ದಾಕ್ಷಾಯಿಣಮ್ಮ, ಈಗ ಮೆತ್ತಗೆ. "ದೋಣಿ ಹೇಗೂ ಬಂದಿದೆ."

ದೋಣಿಗಟ್ಟೆಗೆ ಪದ್ಮಾಕ್ಷಿ ಬಂದಳು. ನನ್ನ ಬಟ್ಟೆಯ ಗಂಟನ್ನು ಮೆಟ್ಟಿಲ ಮೇಲಿಟ್ಟು ದೂರ ಸರಿದು ನಿಂತಳು. ನಾನು ಅದನ್ನು ಎತ್ತಿಕೊಂಡೆ. ಬಸವಂತ ನನ್ನ ಮುಖ ನೋಡಲಾರದೆ ಹುಟ್ಟು ತಿದ್ದುತ್ತಿದ್ದ.

"ಅಂಗಡಿ?" ಎಂದೆ. ಕೇಳಬೇಕಾದದ್ದು ಅದಲ್ಲ.

"ಕುಂಬಾರಗೇರಿಯಿಂದ ಮಣ್ಣಿನ ಒಲೆ ತರಿಸ್ತೀನಿ. ತಿಪ್ಪೇಶಿ ಹೆಚ್ಚಿ ಕೊಡ್ತಾನಂತೆ. ತಿನ್ನೋಕೆ ಬರೋನು ದುಡೀಲಿ." ಆಮೇಲೆ ನನ್ನ ಕೈಗಳತ್ತ ನೋಡಿ ಹೇಳಿದಳು: "ರೀ, ನೀವು ಅಲ್ಲಿ ಉಳ್ಕೊಳ್ಳೋ ನಮ್ಮಕ್ಕನ ಮನೇಲಿ ಬಾಣಲೆ, ಹೆಂಚು, ಗುದ್ದಲಿ ಎಲ್ಲ ಕಬ್ಬಿಣದವೇ. ಏನಾದ್ರೂ ಬಣ್ಣ ಕಂಡ್ರೆ ಮೊದ್ಲು ಬಾಯಿಬಿಟ್ಟು ಕೇಳಿ. ಉಜ್ಜೋಕೆ ಹೋಗಬೇಡಿ."

ಕಟ್ಟೆಯ ಮೇಲಿದ್ದವರು ನಕ್ಕರು. ನಾನೂ ನಗಲು ಯತ್ನಿಸಿದೆ. ಬಸವಂತ ಹುಟ್ಟು ಹಾಕಿದ.

ಅವಳು ಕೈ ಬೀಸಲಿಲ್ಲ. ತಿರುಗಿ ಮೆಟ್ಟಿಲುಗಳ ಕಡೆ ನಡೆದಳು. ಆಸ್ಪತ್ರೆಯಿಂದ ಬಂದಾಗಿನಿಂದ ಮೆಟ್ಟಿಲು ಹತ್ತುವಾಗ ಅವಳು ಮೊದಲು ಊರುತ್ತಿದ್ದದ್ದು ಬಲಗಾಲು. ರಾಡಿನ ಕಾಲನ್ನು ಆಮೇಲೆ ಎಳೆದುಕೊಳ್ಳುತ್ತಿದ್ದಳು. ಈಗ ಮೊದಲ ಮೆಟ್ಟಿಲ ಬುಡದಲ್ಲಿ ನಿಂತು, ಒಮ್ಮೆ ಹೊಳೆಯತ್ತ ನೋಡಿ, ಊರುಗೋಲನ್ನು ಕಂಕುಳಲ್ಲಿ ಇರುಕಿಕೊಂಡು ಎಡಗಾಲನ್ನು ಎತ್ತಿ ಮೇಲಿಟ್ಟಳು. ನಾನು ದೋಣಿಯ ಅಂಚನ್ನು ಹಿಡಿದುಕೊಂಡೆ. ಅವಳು ತನ್ನ ಇಡೀ ಭಾರವನ್ನು ಅದರ ಮೇಲೆ ಬಿಟ್ಟಳು.

ಕಾಲು ನಿಂತಿತು.